ಮೆಕ್ಕೆಜೋಳದ ಮೇಲೆ ಕೂರಿಸಿದ ಗೂಬೆ

ಸ್ಪೇನಿನ ಅಸ್ತೂರಿಯಾಸ್ ಸೀಮೆಯಲ್ಲಿ 1735ರಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಬಡ ರೈತರ ಕುತ್ತಿಗೆಯಲ್ಲಿ ವಿಚಿತ್ರವಾದ ಕಲೆಯೊಂದನ್ನು ಕಂಡ. ಸರ ತೊಟ್ಟ ಹಾಗೆ ಸುತ್ತಲೂ ಕೆಂಪೇರಿ, ಆಮೇಲೆ ಕಪ್ಪಾಗಿ ಒರಟಾಗುವ ಚರ್ಮ. ಮುಂದೆ ಭೇದಿ, ಬುದ್ಧಿಭ್ರಮೆ, ಸಾವು. ಇಟಲಿಯವರು ಇದಕ್ಕೆ ಪೆಲಾಗ್ರ, ಅಂದರೆ ಒರಟು ಚರ್ಮ, ಎಂದು ಹೆಸರಿಟ್ಟರು. ರೋಗಿಗಳೆಲ್ಲ ಮೆಕ್ಕೆಜೋಳವನ್ನೇ ನೆಚ್ಚಿದವರಾದ್ದರಿಂದ, ಮುಗ್ಗಿದ ಕಾಳಿನಲ್ಲಿ ವಿಷವಿದೆ ಎಂದು ಎಷ್ಟೋ ಪಂಡಿತರು ವಾದಿಸಿದರು. ಆದರೆ ಈ ರೋಗದ ಇತಿಹಾಸ ಓದಿದಷ್ಟೂ ನನಗೆ ಕಾಣುವುದು ಕಾಳಿನ ತಪ್ಪಲ್ಲ, ಆ ಕಾಳಿನ ಪಕ್ಕದಲ್ಲಿ ಬೇರೇನೂ ಇಲ್ಲದ ತಟ್ಟೆ.

ಮೆಕ್ಕೆಜೋಳದ ತವರಾದ ಮೆಕ್ಸಿಕೋದಲ್ಲಿ ಸಾವಿರಾರು ವರ್ಷಗಳಿಂದ ಅದೇ ಮುಖ್ಯ ಆಹಾರ. ಅಲ್ಲಿ ಈ ರೋಗದ ಕಾಟವಿರಲಿಲ್ಲ. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕೈಯಲ್ಲಿ ಉಜ್ಜುತ್ತಾರೆ. ಸಿಪ್ಪೆ ಜಾರಿಹೋಗುತ್ತದೆ, ಉಳಿದದ್ದನ್ನು ಅರೆದು ರೊಟ್ಟಿ ತಟ್ಟುತ್ತಾರೆ. ಕಾಳಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಈ ಸುಣ್ಣದಿಂದ ಬಿಡಿಸಿಕೊಂಡು ಮೈಗೆ ಹತ್ತುತ್ತದೆ. ಯುರೋಪು ಬೀಜವನ್ನು ಒಯ್ದಿತು, ಈ ಅಡುಗೆಮನೆಯ ವಿದ್ಯೆಯನ್ನು ಅಲ್ಲೇ ಬಿಟ್ಟು ಬಂತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 20ನೇ ಶತಮಾನದ ಆರಂಭದಲ್ಲಿ ಇದೇ ರೋಗ ಹಬ್ಬಿದಾಗ ಅನೇಕರು ಅದನ್ನು ಅಂಟುಜಾಡ್ಯವೆಂದರು. 1914ರಲ್ಲಿ ತನಿಖೆಗೆ ಬಂದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಹುಚ್ಚಾಸ್ಪತ್ರೆಗಳಲ್ಲಿ ಒಂದು ಸಂಗತಿ ಗಮನಿಸಿದರು: ಒಳರೋಗಿಗಳಿಗೆ ಪೆಲಾಗ್ರ ಬರುತ್ತಿತ್ತು, ಅವರ ಜೊತೆಗೇ ಇರುತ್ತಿದ್ದ ಸಿಬ್ಬಂದಿಗೆ ಬರುತ್ತಿರಲಿಲ್ಲ. ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಬೀನ್ಸ್ ಕೊಡಿಸಿದಾಗ ರೋಗ ಹೋಯಿತು. 1915ರಲ್ಲಿ ಮಿಸಿಸಿಪಿಯ ಜೈಲು ತೋಟದಲ್ಲಿ ಆರೋಗ್ಯವಂತ 11 ಸ್ವಯಂಸೇವಕ ಕೈದಿಗಳಿಗೆ ಬಡವರ ಊಟವನ್ನಷ್ಟೇ ಕೊಟ್ಟಾಗ 6 ಮಂದಿಗೆ ರೋಗ ಬಂತು. ಆದರೂ ಒಪ್ಪದವರಿಗಾಗಿ ಅವರು ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು, ಮಲವನ್ನೂ ನುಂಗಿದರು. ರೋಗ ಅಂಟಲಿಲ್ಲ. ನಯಾಸಿನ್ ಕೊರತೆಯೇ ರೋಗದ ಮೂಲವೆಂಬ ಗುಟ್ಟು ಹೊರಬಿದ್ದದ್ದು 1937ರಲ್ಲಿ, ಅವರು ತೀರಿಹೋದ 8 ವರ್ಷಕ್ಕೆ. ಆ ಬಡವರ ಊಟದ ಹಿಂದೆ ಹತ್ತಿಯ ಕತೆಯಿದೆ. ಗೇಣಿದಾರರ ಮನೆಯ ಬಾಗಿಲವರೆಗೂ ಹತ್ತಿ ಬಿತ್ತಲಾಗಿತ್ತು. ಕಾಯಿಪಲ್ಯಕ್ಕೆ ನೆಲವೇ ಉಳಿದಿರಲಿಲ್ಲ. ಹತ್ತಿಕಾಯಿ ತಿನ್ನುವ ಮೂತಿಹುಳು ಬಂದು ರೈತರು ಆಹಾರ ಬೆಳೆಗೆ ಹೊರಳಿದ ಕಡೆ ಪೆಲಾಗ್ರ ಸಾವುಗಳು ಇಳಿದವೆಂದು ಅರ್ಥಶಾಸ್ತ್ರಜ್ಞರ 2019ರ ಅಧ್ಯಯನ ತೋರಿಸಿದೆ.

ದಖ್ಖನ್ನಿನಲ್ಲಿ ನಮ್ಮ ಜೋಳ ತಿನ್ನುವವರಿಗೂ ಪೆಲಾಗ್ರ ಬಂದಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದರು. ಲ್ಯೂಸಿನ್ ಕಡಿಮೆಯಿರುವ ತಳಿಗಳ ಹುಡುಕಾಟವೂ ನಡೆಯಿತು. ಆದರೆ ಬೇರೆ ಪ್ರಯೋಗಗಳಲ್ಲಿ ಅದೇ ಫಲ ಎಲ್ಲರಿಗೂ ಸಿಗಲಿಲ್ಲ. ಲ್ಯೂಸಿನ್ ಪಾಲು ಇದ್ದರೂ ಅದೊಂದೇ ಸಾಲದು. ತಲೆಮಾರುಗಳಿಂದ ಜೋಳವನ್ನೇ ಉಂಡ ವಿಜಯಪುರದ ಊಟದಲ್ಲಿ ರೊಟ್ಟಿಯ ಜೊತೆ ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಇವೆ. ಬರಗಾಲದಲ್ಲಿ, ಕೂಲಿಯವರ ಮನೆಯಲ್ಲಿ, ಮೊದಲು ಕಾಣೆಯಾಗುತ್ತಿದ್ದದ್ದು ರೊಟ್ಟಿಯಲ್ಲ, ಇವೇ.