ಬೆಂಗಳೂರು ಬ್ಲೂ, ಇಟಲಿಯ ಲ್ಯಾಂಬ್ರುಸ್ಕೋ ಮತ್ತು ಎರಡು ಸೊಸೈಟಿಗಳು

ಸೀಸನ್ ಬಂತೆಂದರೆ ಉಪ್ಪಾರಪೇಟೆಯ ತಳ್ಳುಗಾಡಿಗಳಲ್ಲಿ ಬೀಜದ ಕಪ್ಪು ದ್ರಾಕ್ಷಿ ರಾಶಿ ಬೀಳುತ್ತದೆ. ಸಿಪ್ಪೆ ದಪ್ಪ, ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ, ಘಮ ಮೂಗಿಗೆ ಹೊಡೆಯುತ್ತದೆ. ಇದೇ ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಚಪ್ಪರಗಳಲ್ಲಿ ಸುಮಾರು 150 ವರ್ಷದಿಂದ ಇದೆ. ಹೆಸರು ನಮ್ಮದು, ಬಳ್ಳಿ ಮಾತ್ರ ಅಮೆರಿಕ ಮೂಲದ್ದು. ಹೊರದೇಶಗಳಲ್ಲಿ ಇದನ್ನು ಇಸಾಬೆಲ್ಲಾ ಎನ್ನುತ್ತಾರೆ.

ಅಮೆರಿಕದ ಆ ಕಾಡು ದ್ರಾಕ್ಷಿಗೆ ಲಿನೇಯಸ್ ಎಂಬ ವಿಜ್ಞಾನಿ 1753ರಲ್ಲಿ 'ಲ್ಯಾಬ್ರುಸ್ಕಾ' ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದು ಕಾಡುಬಳ್ಳಿಗಿದ್ದ ಹಳೆಯ ಪದ. ಇಟಲಿಯ ಮೊಡೆನಾ, ರೆಜ್ಜೊ ಎಮಿಲಿಯಾ ಜಿಲ್ಲೆಗಳ 'ಲ್ಯಾಂಬ್ರುಸ್ಕೋ' ಕೂಡ ಅದೇ ಪದದಿಂದ ಬಂದದ್ದು. ಹೆಸರು ದಾಯಾದಿ, ಬಳ್ಳಿಯ ಕುಲ ಮಾತ್ರ ಬೇರೆ. ಇಸಾಬೆಲ್ಲಾದಿಂದ ವೈನ್ ಮಾಡುವುದನ್ನು ಯುರೋಪಿನವರು ನಿಷೇಧಿಸಿದ್ದಾರೆ!

ಲ್ಯಾಂಬ್ರುಸ್ಕೋ ಎಂದರೆ ನೊರೆಯುಕ್ಕುವ ಕೆಂಪು ವೈನ್. ದೋಸೆ ಹಿಟ್ಟು ರಾತ್ರಿ ಉಬ್ಬುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಹಿಂದೆ ಚಳಿಗಾಲದಲ್ಲಿ ಹುಳಿಯುವುದು ನಿಂತು, ಬಾಟಲಿಗೆ ತುಂಬಿದ ಮೇಲೆ ಬಿಸಿಲೇರಿದಾಗ ಮತ್ತೆ ಶುರುವಾಗಿ ಗ್ಯಾಸ್ ಒಳಗೇ ಉಳಿಯುತ್ತಿತ್ತು. ಈಗ ಬಹುತೇಕ ಕಡೆ ಬಿಗಿಯಾಗಿ ಮುಚ್ಚಿದ ದೊಡ್ಡ ಟ್ಯಾಂಕಿನಲ್ಲಿ ಮಾಡುತ್ತಾರೆ. ಅಲ್ಲಿನ ಜಿಡ್ಡಿನ ಹಂದಿಮಾಂಸದ ಊಟದ ಜೊತೆ ಕುಡಿಯುವ ರೈತರ ಪಾನೀಯ ಅದು. ಕುಡಿಯಿರಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ನಮಗೆ ಬೇಕಿರುವುದು ಅಲ್ಲಿನ ರೈತರ ಲೆಕ್ಕ.

1950ರಲ್ಲಿ ರೆಜ್ಜೊ ಎಮಿಲಿಯಾದ ಕೆಲವು ಸಹಕಾರಿ ವೈನ್ ಘಟಕಗಳು ಸೇರಿ 'ರಿಯುನಿತೆ' ಎಂಬ ಸಂಸ್ಥೆ ಕಟ್ಟಿಕೊಂಡವು. ಒಗ್ಗೂಡಿದವರು ಎಂದು ಅದರ ಅರ್ಥ. 1980ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಮದು ವೈನ್ ಅವರದೇ ಆಗಿತ್ತು. ಅಗ್ಗದ ಸಿಹಿ ವೈನ್ ಎಂದು ಬಲ್ಲವರು ಮೂಗು ಮುರಿದರು. ಆದರೂ ಹಣ್ಣು ಹಿಂಡುವ ಯಂತ್ರ ರೈತರ ಸೊಸೈಟಿಯದೇ ಆಗಿತ್ತಲ್ಲ!

ನಮ್ಮಲ್ಲೂ ಅಂಥದ್ದೇ ಒಂದು ಆರಂಭವಿತ್ತು. 1959ರಲ್ಲಿ ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ ಹುಟ್ಟಿತು. ಅದೇ ಇಂದಿನ ಹಾಪ್‌ಕಾಮ್ಸ್. ಸೊಪ್ಪು, ಕ್ಯಾರೆಟ್ ಕೊಳ್ಳುವ ಮಳಿಗೆಯ ಬೇರು ದ್ರಾಕ್ಷಿಯಲ್ಲಿದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಮುಂದೆ ಅದು ಎಲ್ಲ ಹಣ್ಣು, ತರಕಾರಿಗೂ ಹಬ್ಬಿತು. ಒಳ್ಳೆಯದೇ ಆಯಿತು. ಆದರೆ ಹೆಸರಿನಲ್ಲಿದ್ದ 'ಸಂಸ್ಕರಣೆ' ಮಾರಾಟದಷ್ಟು ಬೆಳೆಯಲಿಲ್ಲ ಎಂಬುದು ನಮ್ಮ ಅನಿಸಿಕೆ.

ವೈನ್ ಉದ್ಯಮ ಬಂತು, ಬೇರೆ ದಾರಿಯಲ್ಲಿ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಲ್ಲಿ ತೋಟ ಮಾಡಿದರು. ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಜೊತೆಗಿದ್ದರು. ನೆಟ್ಟದ್ದು ಫ್ರೆಂಚ್ ತಳಿಗಳನ್ನು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಸಾರಾಯಿ ನಿಂತದ್ದೂ ಅದೇ ವರ್ಷ. ಬೆಂಗಳೂರು ಬ್ಲೂ ಮಾತ್ರ ಜ್ಯೂಸು, ಜಾಮು, ಕಡಿಮೆ ಬೆಲೆಯ ಸಿಹಿ ಪೋರ್ಟ್ ವೈನಿಗೆ ಹೋಗುತ್ತಲೇ ಇದೆ.

ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಹಿಂಡುವ ವ್ಯವಸ್ಥೆ ಬೆಳೆಗಾರನ ಕೈಯಲ್ಲಿಲ್ಲದಿದ್ದರೆ ಅವತ್ತಿನ ರೇಟೇ ರೇಟು. 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ದ್ರಾಕ್ಷಿ ತಿಪ್ಪೆ ಸೇರಿದ್ದನ್ನು ಆ ಕಡೆಯವರು ಮರೆತಿರಲಾರರು.

ಲ್ಯಾಂಬ್ರುಸ್ಕೋದ ಮುಖ್ಯ ಬಗೆಗಳಿಗೆ ಇಟಲಿ 1970ರಲ್ಲೇ ಊರಿನ ಹೆಸರಿನ ಕಾನೂನು ರಕ್ಷಣೆ ಕೊಟ್ಟಿತು. ಬೆಂಗಳೂರು ಬ್ಲೂಗೆ ಜಿಐ ಟ್ಯಾಗ್ ಬಂದದ್ದು 2013ರಲ್ಲಿ, ಅದೂ ಹಣ್ಣಿಗೆ. ಆ ಟ್ಯಾಗ್ ಬಳಸಬೇಕಾದರೆ ಬೆಳೆಗಾರರು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿಕೊಳ್ಳಬೇಕು. ನಿಮ್ಮೂರಲ್ಲಿ ಎಷ್ಟು ಜನ ಬರೆಸಿದ್ದಾರೆ, ಒಮ್ಮೆ ವಿಚಾರಿಸಿ ನೋಡಿ.