ಏಡನ್ನಿನ ಲೆಕ್ಕಪುಸ್ತಕ

1839ರ ಜನವರಿ 19ರಂದು ಈಸ್ಟ್ ಇಂಡಿಯಾ ಕಂಪನಿಯ ಪಡೆ ಅರೇಬಿಯದ ದಕ್ಷಿಣ ತೀರದ ಏಡನ್ ಬಂದರನ್ನು ಗೆದ್ದುಕೊಂಡಿತು. ಧಾರವಾಡ, ಬೆಳಗಾವಿಗಳನ್ನು ಆಳುತ್ತಿದ್ದ ಮುಂಬಯಿ ಸರಕಾರದ ಕೈಗೇ ಏಡನ್ನಿನ ಆಡಳಿತವೂ ಬಂತು. 1932ರವರೆಗೂ ಆ ನಂಟು ಕಡಿಯಲಿಲ್ಲ. ಮುಂಬಯಿಯಿಂದ ಸುಯೆಜ್‌ಗೆ ಹೋಗುವ ಉಗಿಹಡಗುಗಳಿಗೆ ನಡುದಾರಿಯಲ್ಲಿ ಕಲ್ಲಿದ್ದಲು ತುಂಬಿಕೊಳ್ಳಲು ಒಂದು ನೆಲೆ ಬೇಕಾಗಿತ್ತು. ಇಡೀ ಸಾಹಸದ ಹಿಂದಿದ್ದ ಮುಖ್ಯ ಕಾರಣ ಇದು.

ಗೆಲ್ಲಲು ಒಂದು ದಿನ ಸಾಕಾಯಿತು. ಆರಿದ ಜ್ವಾಲಾಮುಖಿಯ ಬಾಯಲ್ಲಿ ಕುಳಿತ ಆ ಊರಿನಲ್ಲಿ ಮಳೆ ಅಪರೂಪ, ಹಸಿರು ಇಲ್ಲವೆನ್ನುವಷ್ಟು ಕಡಿಮೆ. ಸೌದೆ, ಮೇವು, ತರಕಾರಿಗಳೆಲ್ಲ ಒಳನಾಡಿನಿಂದ ಒಂಟೆಗಳ ಮೇಲೆ ಬರಬೇಕು. ಆ ದಾರಿಯಾದರೋ ಈಗಷ್ಟೇ ಏಡನ್ನನ್ನು ಕಳೆದುಕೊಂಡ ಲಹೇಜ್‌ನ ಸುಲ್ತಾನನ ಹಿಡಿತದಲ್ಲಿ. ಅವನು ಮುನಿದಾಗಲೆಲ್ಲ ಪೇಟೆ ಬರಿದಾಗುತ್ತಿತ್ತು. ಆಗ ಕಡಲೇ ಗತಿ: ಅಕ್ಕಿ ಹಿಂದೂಸ್ಥಾನದಿಂದ, ಕುರಿಗಳು ಎದುರುದಡದ ಬರ್ಬೆರಾದಿಂದ. ಕೋಟೆಯ ಗೋಡೆಗಿಂತ ಈ ಒಂಟೆದಾರಿಯೇ ದಂಡಿನ ನಿಜವಾದ ಬಲ, ನಿಜವಾದ ದೌರ್ಬಲ್ಯ ಎಂದು ನನಗನ್ನಿಸುತ್ತದೆ.

ಇದನ್ನೆಲ್ಲ ಸಂಭಾಳಿಸಬೇಕಾದವನು ಪೊಲಿಟಿಕಲ್ ಏಜೆಂಟ್ ಕ್ಯಾಪ್ಟನ್ ಸ್ಟ್ಯಾಫರ್ಡ್ ಹೇನ್ಸ್. ಕಂಪನಿಯ ನೌಕಾಪಡೆಯ ಅಧಿಕಾರಿ. ಪಾಲಿನೂರಸ್ ಹಡಗಿನಲ್ಲಿ ಆ ತೀರವನ್ನೆಲ್ಲ ಅಳೆದು ನಕ್ಷೆ ಬರೆದವನು. ಅಲೆಯ ಆಳ ಬಲ್ಲವನಿಗೆ ಖಜಾನೆಯ ಆಳ ತಿಳಿದಿರಬೇಕೆಂದಿಲ್ಲವಷ್ಟೆ! ಸುತ್ತಲಿನ ಪಾಳೆಯಗಾರರಿಗೆ ಸಲ್ಲಬೇಕಾದ ವರ್ಷಾಶನ, ನ್ಯಾಯ, ಗೂಢಚಾರಿಕೆ, ಸಂಬಳ, ಬಂದರಿನ ವ್ಯವಹಾರ ಎಲ್ಲವೂ ಅವನೊಬ್ಬನ ಮೇಜಿಗೇ ಬರುತ್ತಿದ್ದವು. ಒಳನಾಡಿನವರು ಒಪ್ಪುತ್ತಿದ್ದುದು ಮರಿಯಾ ತೆರೇಸಾ ಬೆಳ್ಳಿನಾಣ್ಯ, ಸರಕಾರ ಲೆಕ್ಕವಿಡುತ್ತಿದ್ದುದು ರೂಪಾಯಿಯಲ್ಲಿ. ಇದಕ್ಕೆ ತಕ್ಕಷ್ಟು ನುರಿತ ಗುಮಾಸ್ತರು ಅವನ ಬಳಿ ಇರಲಿಲ್ಲ. ಸೇನೆಯ ಅಧಿಕಾರ ಎಲ್ಲಿ ಮುಗಿಯುತ್ತದೆ, ಏಜೆಂಟನದು ಎಲ್ಲಿ ಮೊದಲಾಗುತ್ತದೆ ಎಂಬ ತಕರಾರು ಬೇರೆ. ಈ ನಡುವೆ ಹಾಳೂರಿನಂತಿದ್ದ ಏಡನ್ ಹತ್ತಾರು ಸಾವಿರ ಜನರ ಪಟ್ಟಣವಾಗಿ ಬೆಳೆಯಿತು. 1850ರಲ್ಲಿ ಸುಂಕವಿಲ್ಲದ ಬಂದರೂ ಆಯಿತು. ಕಚೇರಿ ಮಾತ್ರ ಊರಿನೊಡನೆ ಬೆಳೆಯಲಿಲ್ಲ.

1854ರಲ್ಲಿ ಲೆಕ್ಕ ತಪಾಸಣೆಯಾದಾಗ ಖಜಾನೆಯಲ್ಲಿ ಸುಮಾರು 28,000 ಪೌಂಡು ಕಡಿಮೆ ಬಂತು. ಹೇನ್ಸ್‌ನನ್ನು ಮುಂಬಯಿಗೆ ಕರೆಸಿ ಹಣ ದುರುಪಯೋಗದ ಆರೋಪದ ಮೇಲೆ ಎರಡು ಬಾರಿ ವಿಚಾರಣೆಗೆ ಗುರಿಪಡಿಸಿದರು. ಎರಡು ಬಾರಿಯೂ ಜ್ಯೂರಿ ಅವನನ್ನು ನಿರ್ದೋಷಿಯೆಂದಿತು. ಆದರೆ ಕಳ್ಳನಲ್ಲದಿದ್ದರೂ ಬಾಕಿದಾರ ಹೌದು ಎಂಬುದು ಕಂಪನಿಯ ವಾದ. ಕೊಡಲು ಹಣವಿಲ್ಲದ ಅವನು ಸಾಲಗಾರನಾಗಿ ಸೆರೆಮನೆ ಸೇರಿದ.

ಹದಿನೈದು ವರ್ಷ ಒಂದು ದಂಡಿನ ನೆಲೆಯನ್ನು ಒಬ್ಬನ ಕೈಗೊಪ್ಪಿಸಿ, ಲೆಕ್ಕಿಗರನ್ನು ಒದಗಿಸದೆ, ಕೊನೆಗೆ ಲೆಕ್ಕ ಕೇಳಿದ ಮುಂಬಯಿಯ ನಡತೆಯನ್ನು ಸಮರ್ಥಿಸುವುದು ಕಷ್ಟ. ಹೇನ್ಸ್‌ನ ಅಜಾಗ್ರತೆಯೂ ಸಣ್ಣದಲ್ಲ, ನಿಜ. ಆದರೆ ಏಡನ್ನಿಗೆ ತೋಪುಗಳನ್ನು ಕಳುಹಿಸಲು ಹಣವಿದ್ದವರಿಗೆ ಇಬ್ಬರು ಒಳ್ಳೆಯ ಗುಮಾಸ್ತರ ಸಂಬಳ ಹೊರೆಯಾಗಬೇಕಾಗಿರಲಿಲ್ಲ.

ಕಂಪನಿಯ ಆಳ್ವಿಕೆಯೇ 1858ರಲ್ಲಿ ಮುಗಿಯಿತು; ಹೇನ್ಸ್‌ನ ಸೆರೆ ಮುಗಿಯಲಿಲ್ಲ. 1860ರಲ್ಲಿ ಹೊಸ ಗವರ್ನರ್ ಸರ್ ಜಾರ್ಜ್ ಕ್ಲರ್ಕ್ ಅವನನ್ನು ಬಿಡಿಸಿದ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಜೂನ್ ತಿಂಗಳಲ್ಲಿ, ಮುಂಬಯಿ ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲೇ ಅವನು ತೀರಿಕೊಂಡ.