ನಾಸ್ತಿಕನ ಸಾಕ್ಷ್ಯಕ್ಕೆ ಇಸವಿ ಹಾಕುವುದು: ಸಿ. ಎಸ್. ಲೂಯಿಸ್ ಮತಾಂತರದ ಕಥೆ

ಸಮಯ ಕಡಿಮೆ ಇದೆ, ಪೀಠಿಕೆ ಬಿಟ್ಟು ವಿಷಯಕ್ಕೆ ಬರ್ತೇನೆ. "ನಾನು ಮೊದಲು ನಾಸ್ತಿಕ, ಈಗ ಕ್ರೈಸ್ತ" ಅಂತ ಒಬ್ಬರು ಹೇಳಿದ ಕೂಡಲೇ ಎರಡು ಮಾತು ಏಳುತ್ತವೆ. ನಂಬುವವರು ಅದನ್ನು ದೇವರಿಗೆ ಪುರಾವೆ ಅಂತಾರೆ. ನಂಬದವರು, ಆತ ನಿಜವಾದ ನಾಸ್ತಿಕನೇ ಆಗಿರಲಿಲ್ಲ ಅಂತಾರೆ. ಇತಿಹಾಸದ ವಿದ್ಯಾರ್ಥಿಗೆ ಎರಡರಿಂದಲೂ ಉಪಯೋಗವಿಲ್ಲ. ಈ ಕಥೆಯನ್ನು ಹೇಳುತ್ತಿರುವವನು ಯಾವ ವರ್ಷದ ಮನುಷ್ಯ? ನನ್ನ ಪ್ರಶ್ನೆ ಇಷ್ಟೇ.

ಲೂಯಿಸ್ ಹುಟ್ಟಿದ್ದು 1898ರಲ್ಲಿ, ಬೆಲ್‌ಫಾಸ್ಟಿನಲ್ಲಿ. 1908ರಲ್ಲಿ ತಾಯಿ ತೀರಿಕೊಂಡರು. 1916ರ ಅಕ್ಟೋಬರಿನಲ್ಲಿ, ಇನ್ನೂ ಹದಿನೇಳರ ಹುಡುಗ, ಗೆಳೆಯ ಆರ್ಥರ್ ಗ್ರೀವ್ಸ್‌ಗೆ ಒಂದು ಪತ್ರ ಬರೆದ: ತನಗೆ ಯಾವ ಧರ್ಮದಲ್ಲೂ ನಂಬಿಕೆ ಇಲ್ಲ, ಎಲ್ಲವೂ ಮನುಷ್ಯ ಕಟ್ಟಿದ ಪುರಾಣ ಅನ್ನುವುದು ಅದರ ಸಾರ. ಮುಂದೆ ತಾನು ಏನಾಗಲಿದ್ದೇನೆ ಅಂತ ಗೊತ್ತಿಲ್ಲದವನು ಬರೆದ ಕಾಗದ ಅದು. ಹಾಗಾಗಿ "ನಿಜವಾದ ನಾಸ್ತಿಕನಲ್ಲ" ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ತಮಾಷೆ ಅಂದ್ರೆ, ಆ ಆಕ್ಷೇಪಕ್ಕೆ ಸಾಮಗ್ರಿ ಒದಗಿಸಿದ್ದೂ ಅವರೇ. ದೇವರಿಲ್ಲ ಅನ್ನುತ್ತಲೇ, ಇಲ್ಲದ್ದಕ್ಕಾಗಿ ದೇವರ ಮೇಲೆ ಸಿಟ್ಟೂ ಮಾಡಿಕೊಂಡಿದ್ದೆ ಅಂತ ಅವರು ಆತ್ಮಕಥೆಯಲ್ಲಿ ಬರೆದರು. ಆದರೆ ಅದು 1955ರ ಲೂಯಿಸ್ ಮಾತು.

ಆ ಆತ್ಮಕಥೆ 'ಸರ್ಪ್ರೈಸ್ಡ್ ಬೈ ಜಾಯ್'. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಕೋಣೆಯಲ್ಲಿ, 1929ರ ಟ್ರಿನಿಟಿ ಅವಧಿಯಲ್ಲಿ, ಮನಸ್ಸಿಲ್ಲದ ಮನಸ್ಸಿನಿಂದ ದೇವರನ್ನು ಒಪ್ಪಿ ಮಂಡಿಯೂರಿದೆ ಅಂತ ಅದರಲ್ಲಿದೆ. ದಶಕಗಟ್ಟಲೆ ಎಲ್ಲರೂ ಇದೇ ಇಸವಿಯನ್ನು ಎತ್ತಿ ಬರೆದರು. 2013ರಲ್ಲಿ ಜೀವನಚರಿತ್ರೆಕಾರ ಅಲಿಸ್ಟರ್ ಮೆಕ್‌ಗ್ರಾತ್ (ಇವರೂ ಹುಡುಗುತನದಲ್ಲಿ ನಾಸ್ತಿಕರೇ) ಇದು 1930 ಆಗಿರಬೇಕು ಅಂತ ವಾದಿಸಿದರು. ಅವರ ಆಧಾರ ಪತ್ರಗಳು. 1930ರ ಫೆಬ್ರವರಿ 3ರಂದು ಓವನ್ ಬಾರ್ಫೀಲ್ಡ್‌ಗೆ ಬರೆದ ಪತ್ರದಲ್ಲಿ ಲೂಯಿಸ್ ಇನ್ನೂ ಗಾಬರಿಯಲ್ಲಿದ್ದಾರೆ: ತಾವು 'ಚೈತನ್ಯ' ಅಂದುಕೊಂಡಿದ್ದು ವ್ಯಕ್ತಿಯಂತೆ ವರ್ತಿಸಲು ಶುರುಮಾಡಿದೆಯಂತೆ! ಆಸ್ತಿಕನಾದ ಕೂಡಲೇ ಚಾಪೆಲಿಗೆ ಹೋಗತೊಡಗಿದೆ ಅಂತ ಪುಸ್ತಕ ಹೇಳುತ್ತದೆ. ಪತ್ರಗಳಲ್ಲಿ ಆ ಸುದ್ದಿ ಬರುವುದು 1930ರ ಅಕ್ಟೋಬರಿನಲ್ಲಿ.

ಕ್ರಿಸ್ತನಲ್ಲಿ ನಂಬಿಕೆ ಬಂದದ್ದು ಮುಂದಿನ ಹಂತ. 1931ರ ಸೆಪ್ಟೆಂಬರ್ 19ರ ರಾತ್ರಿ ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್ ಜೊತೆ ದೀರ್ಘ ಮಾತುಕತೆ ನಡೆಯಿತು. ಸೆಪ್ಟೆಂಬರ್ 28ರಂದು ಅಣ್ಣನ ಮೋಟಾರ್ ಸೈಕಲ್ಲಿನ ಸೈಡ್‌ಕಾರಿನಲ್ಲಿ ಕೂತು ವಿಪ್‌ಸ್ನೇಡ್ ಮೃಗಾಲಯಕ್ಕೆ ಹೋದರು. ಹೊರಟಾಗ ಇಲ್ಲದ ನಂಬಿಕೆ ತಲುಪಿದಾಗ ಇತ್ತು ಅಂತಾರೆ. ಆದರೆ ಅದೇ ಪುಟಗಳಲ್ಲಿ ಮೃಗಾಲಯದ ಕಾಡಿನ ನೀಲಿ ಗಂಟೆಹೂಗಳ ನೆನಪೂ ಬರುತ್ತದೆ. ಇಂಗ್ಲೆಂಡಿನಲ್ಲಿ ಆ ಹೂ ಅರಳುವುದು ವಸಂತದಲ್ಲಿ, ಸೆಪ್ಟೆಂಬರಿನಲ್ಲಲ್ಲ. ಎರಡು ಪ್ರವಾಸಗಳು ನೆನಪಿನಲ್ಲಿ ಬೆರೆತಿರಬಹುದು. ಅಥವಾ ಹೂವಿನ ಮಾತು ಆ ದಿನದ್ದೇ ಅಲ್ಲದಿರಬಹುದು. ನನಗೆ ಇದೇ ಸರಿ ಕಾಣುತ್ತದೆ. ಯಾಕಂದ್ರೆ 1931ರ ಅಕ್ಟೋಬರ್ 1ರಂದೇ ಗ್ರೀವ್ಸ್‌ಗೆ ಬರೆದ ಪತ್ರದಲ್ಲಿ ಕ್ರಿಸ್ತನ ಮೇಲಿನ ನಂಬಿಕೆ ಖಚಿತವಾಗಿದೆ.

ಇಸವಿ ತಪ್ಪಿದರೆ ಕಥೆಯೇ ಸುಳ್ಳು ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. 1929 ಅನ್ನುವ ಇಸವಿಯನ್ನು ಅಲುಗಾಡಿಸುವ ಆ ಫೆಬ್ರವರಿ ಪತ್ರವೇ, ಲೂಯಿಸ್ ಮನಸ್ಸಿಲ್ಲದೆ ಎಳೆಯಲ್ಪಟ್ಟರು ಅನ್ನೋದಕ್ಕೆ ಆ ಕಾಲದ ಸಾಕ್ಷಿ ಕೂಡ. ದಿನಾಂಕ ಜಾರಿದೆ, ಮನಃಸ್ಥಿತಿ ಜಾರಿಲ್ಲ. ಪತ್ರಗಳಿಂದ ಸಿಗದೇ ಇರುವುದು ಇನ್ನೊಂದು: ಬಾಲ್ಯದಿಂದಲೂ ಒಂದು ಹಂಬಲ ತನ್ನನ್ನು ಇತ್ತಲೇ ನಡೆಸಿತು ಎಂಬ ವಿನ್ಯಾಸ. ಅದು ಹಿಂತಿರುಗಿ ನೋಡಿದವನಿಗೆ ಮಾತ್ರ ಕಾಣುವಂಥದ್ದು.

ನಮ್ಮ ಕಡೆಗೆ ಬಂದರೆ, 1956ರವರೆಗೆ ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ 1834ರಿಂದ ಕೆಲಸ ಮಾಡಿತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರು ಬಿಟ್ಟು ಬಂದದ್ದು ನಾಸ್ತಿಕತೆಯನ್ನಲ್ಲ, ಸಾರಸ್ವತ ಮನೆತನದ ಆಚಾರವನ್ನು. ಅಂಥ ಕಥೆಗಳು ಹೆಚ್ಚಾಗಿ ನಮಗೆ ಸಿಗುವುದು ಮಿಶನರಿಗಳ ಬರಹದಲ್ಲಿ, ಯುರೋಪಿನ ಓದುಗರಿಗಾಗಿ ಬರೆದ ರೂಪದಲ್ಲಿ. ಗ್ರೀವ್ಸ್ ಕಾಪಿಟ್ಟಂಥ ಕಾಗದದ ಕಟ್ಟು ನಮ್ಮಲ್ಲಿ ಅಪರೂಪ.

ಇದು ನನಗೆ ಬರೀ ಪುಸ್ತಕದ ಪ್ರಶ್ನೆ ಅಲ್ಲ. ನಮ್ಮೂರಿನ ಹಿರಿಯರೊಬ್ಬರು ಯೌವನದಲ್ಲಿ ದೇವರನ್ನು ಬಿಟ್ಟವರು, ಐವತ್ತರ ನಂತರ ಚರ್ಚಿಗೆ ಸೇರಿದವರು. ಅವರು ಕಥೆಯನ್ನು ನನಗೆ ಮೂರು ಸಲ ಹೇಳಿದರು, ಮೂರು ಸಲವೂ ಮಳೆಗಾಲ ಬೇರೆ. ಹಳೆಯ ಸಂಗಾತಿಗಳು ಇವರು ಯಾವತ್ತೂ ನಮ್ಮವರಾಗಿರಲಿಲ್ಲ ಅಂತಾರೆ. ಆ ಮಾತಿಗೆ ಅವರು ನೊಂದುಕೊಂಡಷ್ಟು ಬೇರೆ ಯಾವುದಕ್ಕೂ ನೊಂದದ್ದನ್ನು ನಾನು ಕಾಣೆ. ನನ್ನ ಟಿಪ್ಪಣಿಯಲ್ಲಿ ಮೂರನ್ನೂ ಹಾಗೇ ಬರೆದಿಟ್ಟು, ಪ್ರತಿಯೊಂದರ ತಲೆಯ ಮೇಲೆ ಅವರು ಹೇಳಿದ ದಿನಾಂಕ ಹಾಕಿದ್ದೇನೆ. ಅವರ ಯೌವನದ ಒಂದು ಡೈರಿ ಮನೆಯ ಅಟ್ಟದಲ್ಲಿದೆಯಂತೆ, ಮಳೆ ಬಿಟ್ಟ ಮೇಲೆ ಇಳಿಸಿ ಕೊಡ್ತೇನೆ ಅಂದಿದ್ದಾರೆ.